ಸ್ಟೀರಿಂಗ್ ಹಿಂದಿನ ಕಪ್ಪು ಬೆರಳು

ಪುಟ್ಟ ಕನ್ನಡಿಯನ್ನು ಸ್ಟೀರಿಂಗ್ ಚಕ್ರದ ಹಿಂದೆ ತೂರಿಸಿ ಟಾರ್ಚಿನ ಬೆಳಕು ಬಿಟ್ಟೆ. ಬೆರಳಿನಿಂದ ಎಳೆದು ಗೇರು ಬದಲಿಸುವ ಎರಡು ಪ್ಯಾಡಲುಗಳಲ್ಲಿ ಎಡಗಡೆಯದರ ಬೆನ್ನಿನ ಮೇಲೆ ಮೂರು ಕಪ್ಪು ಬೆರಳಿನ ಗುರುತು ಕಂಡಿತು. ಬಲಗಡೆಯದರ ಮೇಲೆ ಎರಡು.

ಎಣ್ಣೆಯ ಕಲೆಯಲ್ಲ. ಆಯುಷ್ಯವೆಲ್ಲ ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಕೈ ಅದ್ದಿದವನಿಗೆ ಅಷ್ಟು ತಿಳಿಯುತ್ತದೆ.

"ಏನಾದ್ರೂ ಕಂಡ್ತಾ, ಮಾಸ್ತ್ರೊ?" ಕಾರಿನ ಬಾಗಿಲಿಗೆ ಒರಗಿ ನಿಂತಿದ್ದ ನಿವೆಸ್ ಕೇಳಿದಳು. ನಮ್ಮ ಮೊಂತಾರ್ದೊ ಊರಿನ ಪೊಲೀಸ್ ಠಾಣೆಗೆ ಅವಳೇ ಮುಖ್ಯಸ್ಥೆ.

"ಸ್ವಲ್ಪ ತಡಿ ಮಗಳೇ."

"ಯೂನಿಫಾರ್ಮಲ್ಲಿದ್ದಾಗ ಮಗಳೇ ಅನ್ಬೇಡಿ ಅಂತ ಎಷ್ಟು ಸಲ ಹೇಳೋದು ನಿಮಗೆ."

ಮರೆಶಾಲ್ಲೊ ಎಂದು ಅವಳ ಹುದ್ದೆ ಹೇಳಿ ತಿದ್ದಿಕೊಂಡೆ. ಠಾಣೆಯ ಅಂಗಳದ ಗೋಡೆಯ ಮೇಲೆ ಬಿಸಿಲು ಆಗಷ್ಟೇ ಬಿದ್ದಿತ್ತು. ಎಂಟೂ ಕಾಲು ಗಂಟೆ. ಹನ್ನೊಂದಕ್ಕೆ ನನ್ನ ಗೆಳೆಯ ಲೆಯಾರ್ಕೊ ವಂದೆಲ್ಲಿಯನ್ನು ಮೋದೆನಾ ನಗರಕ್ಕೆ, ನ್ಯಾಯಾಧೀಶರ ಮುಂದೆ, ಕರೆದೊಯ್ಯಬೇಕಿತ್ತು. ಸೋಮವಾರ, ಸಂತ ಜೊವಾನ್ನಿಯ ಹಬ್ಬದ ಸಂಜೆ, ಕಾಡಿನ ಮರಿಯಮ್ಮನ ಗುಡಿಯ ಇಳಿಜಾರಿನಲ್ಲಿ ಲೆಯಾರ್ಕೊನ ಈ ಕಾರು ಇಗರ್ಜಿಯ ಗಂಟೆ ಹೊಡೆಯುವ ಪ್ರಿಮೊನನ್ನು ಗುದ್ದಿ ಹಳ್ಳಕ್ಕೆ ಕೆಡವಿತ್ತು. ಅವನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಓಡಿಸುತ್ತಿದ್ದವನು ತಾನೇ ಎಂದು ಲೆಯಾರ್ಕೊ ಬರೆದುಕೊಟ್ಟಿದ್ದ. ಆ ಕಾಗದಕ್ಕೆ ನ್ಯಾಯಾಧೀಶರ ಎದುರು ಸಹಿ ಬಿದ್ದರೆ ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಜೈಲು. ಪ್ರಿಮೊ ಉಳಿಯದೆ ಹೋದರೆ, ಅವನು ಅಲ್ಲಿಂದ ಹೊರಗೆ ಬರುವುದನ್ನು ನಾವು ಯಾರೂ ನೋಡುವುದಿಲ್ಲ.

"ಲೆಯಾರ್ಕೊ ಪ್ಯಾಡಲ್ ಮುಟ್ಟೋನಲ್ಲ" ಎಂದೆ.

ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಕಣಿವೆಯ ಕೆಳಗಿನ ಕಾರ್ಖಾನೆಯಲ್ಲಿ ನಿವೃತ್ತಿಯಾಗುವವರೆಗೂ ಹೊಸ ಕಾರುಗಳನ್ನು ಓಡಿಸಿ ಪರೀಕ್ಷಿಸುವ ಕೆಲಸ ಅವನದಾಗಿತ್ತು. ಅವುಗಳ ಗೇರ್‌ಬಾಕ್ಸ್ ಜೋಡಿಸುವ ಕೆಲಸ ನನ್ನದು. ತಾನೇ ಗೇರು ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಕಾರಿನಲ್ಲೂ ಬೆಟ್ಟದ ದಾರಿಗೆ ಬಂದಾಗ ಓಡಿಸುವವನು ತನ್ನ ಕೈಯಿಂದಲೇ ಗೇರು ಬದಲಿಸಲು ಬಯಸುತ್ತಾನೆ. ಅದನ್ನು ಸೀಟುಗಳ ನಡುವೆ, ನಮ್ಮ ದೇಶದಲ್ಲಿ ಓಡಿಸುವವನ ಬಲಕ್ಕೆ, ಇರುವ ಲಿವರಿನಿಂದ ಮಾಡಬೇಕೋ ಸ್ಟೀರಿಂಗ್ ಹಿಂದಿನ ಪ್ಯಾಡಲಿನಿಂದ ಮಾಡಬೇಕೋ ಎಂಬುದು ನಮ್ಮಿಬ್ಬರ ಇಪ್ಪತ್ತು ವರ್ಷಗಳ ಜಗಳ.

ಎರಡು ಕೈಯೂ ಚಕ್ರದ ಮೇಲಿರುತ್ತವೆ, ಬೆರಳು ಮಡಿಸಿದರೆ ಸಾಕು, ಇನ್ನೇನು ಬೇಕು ಎಂದು ನಾನು. ಅವು ಕತ್ತೆಯ ಕಿವಿಗಳು ಎಂದು ಅವನು. ತಿರುವಿನಲ್ಲಿ ಚಕ್ರ ಅರ್ಧ ಸುತ್ತು ತಿರುಗಿದರೆ ಕಿವಿಯೂ ತಿರುಗುತ್ತದೆ, ಎಡದ್ದು ಬಲಕ್ಕೆ ಬರುತ್ತದೆ, ಆಗ ಹುಡುಕುತ್ತ ಕೂರು. ಲಿವರ್ ಆದರೆ ಹೆಂಡತಿಯ ಹಾಗೆ, ಇದ್ದಲ್ಲೇ ಇರುತ್ತದೆ, ಎನ್ನುತ್ತಿದ್ದ. ಹಾಗೆಂದಾಗಲೆಲ್ಲ ಅವನ ಹೆಂಡತಿ ಎರ್ಮೆಲೀನಾ, ನಮಗೆಲ್ಲ ಲೀನಾ, ಅವನ ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು. ನನ್ನ ಹೆಂಡತಿ ತಿಲ್ದೆ ಮಾತ್ರ ಅವನ ಪಕ್ಷ ಹಿಡಿಯುತ್ತಿದ್ದಳು, ನನ್ನನ್ನು ರೇಗಿಸಲಿಕ್ಕೆ. ಫೆಬ್ರವರಿಯಲ್ಲಿ ದೇವರು ಅವಳನ್ನು ಕರೆದುಕೊಂಡ ಮೇಲೆ ಆ ಜಗಳಕ್ಕೆ ರುಚಿ ಹೋಯಿತು.

ಲಿವರಿನ ನೆತ್ತಿಯ ಚರ್ಮ ಲೆಯಾರ್ಕೊನ ಅಂಗೈ ತಾಗಿ ತಾಗಿ ನುಣ್ಣಗೆ ಹೊಳೆಯುತ್ತಿತ್ತು. ಪ್ಯಾಡಲುಗಳ ಮೂಲೆಗಳಲ್ಲಿ ಹನ್ನೊಂದು ವರ್ಷದ ಧೂಳು ಗಟ್ಟಿಯಾಗಿ ಕೂತಿತ್ತು. ಆ ಧೂಳಿನ ನಡುವೆ ಮಾತ್ರ ಈ ಬೆರಳುಗಳು.

ನಿವೆಸ್ ಒಳಗೆ ಬಗ್ಗಿ ಕನ್ನಡಿಯಲ್ಲಿ ನೋಡಿದಳು. ಯಾವ ಕಲೆ ಎಂದು ಕೇಳಿದಳು. ಹಸಿ ಅಕ್ರೋಟಿನ ಸಿಪ್ಪೆಯ ರಸ ಎಂದೆ. ಸಂತ ಜೊವಾನ್ನಿಯ ಹಬ್ಬದ ಬೆಳಿಗ್ಗೆ ಇಬ್ಬನಿ ಆರುವ ಮೊದಲು ಹೆಂಗಸರು ಬರಿಗಾಲಲ್ಲಿ ಹೋಗಿ ಎಳೆಯ ಅಕ್ರೋಟು ಕಿತ್ತು, ಅದೇ ದಿನ ಬಿಡುವಾದಾಗ ನಾಲ್ಕು ಹೋಳು ಮಾಡಿ ಮದ್ಯದಲ್ಲಿ ನೆನೆಹಾಕುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಉಂಟು. ಕಾಯಿಗಳ ಲೆಕ್ಕ ಬೆಸವಾಗಿರಬೇಕು. ಕತ್ತರಿಸುವ ಕೈಗೆ ಗ್ಲೌಸು ಹಾಕಬಾರದು. ಆ ರಸ ಹಸಿಯಾಗಿದ್ದಾಗ ಮುಟ್ಟಿದ್ದಕ್ಕೆಲ್ಲ ಹತ್ತುತ್ತದೆ. ಒಣಗಿದ ಮೇಲೆ ಚರ್ಮದಲ್ಲಿ ಮಾತ್ರ ಉಳಿಯುತ್ತದೆ, ಎರಡು ವಾರ.

"ಅಂದ್ರೆ ಹಬ್ಬದ ದಿನವೇ, ಅಕ್ರೋಟು ಹೆಚ್ಚಿದ ಕೈಯೇ, ಈ ಪ್ಯಾಡಲ್ ಎಳೆದಿದೆ" ಎಂದೆ.

"ಹಾಗಾದ್ರೆ ಊರಿನ ಅರ್ಧ ಹೆಂಗಸರನ್ನ ಹಿಡ್ಕೊಂಡು ಬರ್ಬೇಕು. ನಮ್ಮಮ್ಮನಿಂದಲೇ ಶುರು ಮಾಡ್ಲಾ?"

ಅರ್ಧ ಊರು ಬೇಕಿಲ್ಲ, ಮೊದಲು ಲೆಯಾರ್ಕೊನನ್ನು ಐದು ನಿಮಿಷ ನೋಡಲು ಬಿಡು ಎಂದೆ.

ಅವನು ಠಾಣೆಯ ಹಿಂದಿನ ಕೋಣೆಯಲ್ಲಿ ಹಾಲು ಕಾಫಿಗೆ ಬಿಸ್ಕತ್ತು ಅದ್ದುತ್ತ ಕೂತಿದ್ದ. ಗಡ್ಡ ಬೋಳಿಸಿ, ಮದುವೆ ಮನೆಗೆ ಹೊರಟವನಂತೆ ಟೈ ಕಟ್ಟಿದ್ದ. ಎರಡನೆಯ ತಿರುವಿಗೆ ಯಾವ ಗೇರಿನಲ್ಲಿ ಬಂದೆ ಎಂದು ಕೇಳಿದೆ. ಎರಡರಲ್ಲಿ ಎಂದ. ಮೂರರಿಂದ ಎರಡಕ್ಕೆ ಹೇಗೆ ಇಳಿಸಿದೆ ಎಂದು ಕೇಳಿದೆ. ತೊಡೆಯ ಮೇಲಿದ್ದ ಅವನ ಬಲಗೈ ತಾನಾಗಿ ಮುಷ್ಟಿ ಕಟ್ಟಿ ಒಂದು ಗೇಣು ಸರಿಯಿತು. ನನ್ನ ಜೇಬಿನಲ್ಲಿದ್ದ ಕನ್ನಡಿಯನ್ನು ಅವನು ನೋಡಿದ. ಕೈ ನಿಂತಿತು.

"ಪ್ಯಾಡಲಲ್ಲಿ" ಎಂದ.

"ಕತ್ತೆ ಕಿವೀಲಾ?"

"ವಯಸ್ಸಾಯ್ತು ಮಾರಾಯ. ಮನುಷ್ಯ ಬದಲಾಗಬಾರ್ದೇನು?"

ಕೈ ತೋರಿಸು ಎಂದೆ. ತೋರಿಸಿದ. ಪಾದ್ರಿಗಳ ಕೈಯಷ್ಟು ಬಿಳುಪಾಗಿತ್ತು. ಅದನ್ನು ಅವನೂ ನೋಡಿದ, ನಾನೂ ನೋಡಿದೆ. ಕೊನೆಗೆ ಅವನು ಬಿಸ್ಕತ್ತನ್ನು ಬಟ್ಟಲಿನಲ್ಲೇ ಮುಳುಗಲು ಬಿಟ್ಟು ತಲೆ ಎತ್ತಿದ.

"ಮನೆಗೆ ಹೋಗು ಎಜಿದಿಯೊ. ಲೀನಾನ್ನ ಮಾತ್ರ ಏನೂ ಕೇಳೋಕೆ ಹೋಗ್ಬೇಡ. ಅವಳಿಗೆ ರಕ್ತದೊತ್ತಡ."

ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಾದದ್ದು ಹಾಗೆ.

ಎರ್ಮೆಲೀನಾ ಅಡುಗೆಮನೆಯಲ್ಲಿದ್ದಳು. ಕಿಟಕಿಯ ಹಲಗೆಯ ಮೇಲೆ ದೊಡ್ಡ ಗಾಜಿನ ಜಾಡಿ, ಅದರಲ್ಲಿ ಅಕ್ರೋಟಿನ ಹೋಳುಗಳು, ಆಗಲೇ ಹಸಿರು ಕಪ್ಪಿಗೆ ತಿರುಗುತ್ತಿದ್ದ ಮದ್ಯ. ನನ್ನನ್ನು ಕಂಡು ಅವಳು ಏನೂ ಕೇಳದೆ ಕಾಫಿ ಇಟ್ಟಳು. ಇಟ್ಟದ್ದನ್ನು ಬಗ್ಗಿಸಿ ಕೊಟ್ಟಳು. ಬಗ್ಗಿಸುವಾಗಲೂ ಅವಳ ಕೈಯಲ್ಲಿ ಹಳದಿ ರಬ್ಬರ್ ಗ್ಲೌಸು.

ಹಬ್ಬದ ವಾರದಲ್ಲಿ ಊರಿನ ಹೆಂಗಸರು ಕಪ್ಪಾದ ಬೆರಳುಗಳನ್ನು ಉಂಗುರದಂತೆ ತೋರಿಸಿಕೊಂಡು ತಿರುಗುತ್ತಾರೆ. ಯಾರ ಬೆರಳು ಹೆಚ್ಚು ಕಪ್ಪು ಎಂದು ಇಗರ್ಜಿಯ ಮೆಟ್ಟಿಲಲ್ಲಿ ಅಳೆದು ನೋಡುತ್ತಾರೆ. ಕೈ ಮುಚ್ಚಿಕೊಂಡವಳು ಇವಳೊಬ್ಬಳೇ.

"ಲೀನಾ, ಗ್ಲೌಸ್ ತೆಗಿ."

"ಪಾತ್ರೆ ತೊಳೀತಿದ್ದೆ."

"ಪಾತ್ರೆ ಎಲ್ಲಾ ಒಣಗಿ ಕೂತಿವೆ."

"ಇನ್ನೂ ತೊಳೀಬೇಕು ಅಂತಿದ್ದೆ." ಅವಳು ನನ್ನ ಕಡೆ ನೋಡಲಿಲ್ಲ. "ನೀನು ಯಾವಾಗಿಂದ ಹೆಂಗಸರ ಪಾತ್ರೆ ಎಣಿಸೋಕೆ ಶುರು ಮಾಡ್ದೆ?"

"ಹನ್ನೊಂದು ಗಂಟೆಗೆ ಅವನನ್ನ ಕರ್ಕೊಂಡು ಹೋಗ್ತಾರೆ. ಟೈ ಕಟ್ಕೊಂಡು ಕೂತಿದಾನೆ."

"ಯಾವ ಟೈ?"

"ನೀಲಿದು."

ನೀಲಿ ಟೈ ಅವರ ಮದುವೆಯ ಐವತ್ತನೇ ವರ್ಷಕ್ಕೆ ಅವಳೇ ಕೊಡಿಸಿದ್ದು. ಅವಳು ಕುರ್ಚಿ ಎಳೆದು ಕೂತಳು. ಒಂದೊಂದೇ ಬೆರಳಿನಿಂದ ಗ್ಲೌಸು ಬಿಡಿಸಿದಳು. ಬೆರಳುಗಳು ಕಪ್ಪಾಗಿದ್ದವು. ನಿಂಬೆಹುಳಿಯಿಂದಲೂ ಬ್ಲೀಚಿನಿಂದಲೂ ಉಜ್ಜಿ ಉಜ್ಜಿ ಉಗುರಿನ ಸುತ್ತ ಚರ್ಮ ಕೆಂಪಗೆ ಸುಲಿದಿತ್ತು.

ಅವಳು ಹೇಳಿದ್ದು ಇಷ್ಟು. ಪ್ರತಿ ವರ್ಷ ಅಕ್ರೋಟು ಹೆಚ್ಚಿದ ಮೇಲೆ ಅವಳೂ ನನ್ನ ತಿಲ್ದೆಯೂ ಒಂದು ಮೇಣದಬತ್ತಿ ಹಿಡಿದು ಕಾಡಿನ ಗುಡಿಗೆ ನಡೆದು ಹೋಗುತ್ತಿದ್ದರು. ಈ ವರ್ಷ ತಿಲ್ದೆ ಇಲ್ಲ. ಒಬ್ಬಳೇ ಹತ್ತಲು ಮೊಣಕಾಲು ಬಿಡುವುದಿಲ್ಲ. ಮೇಣದಬತ್ತಿ ಮಾತ್ರ ತಪ್ಪಬಾರದು, ಅದೂ ತಿಲ್ದೆಯ ಹೆಸರಿನದು. ಗಂಡನನ್ನು ಕರೆದುಕೊಂಡು ಹೋಗೋಣವೆಂದರೆ ಅದು ಹೆಂಗಸರ ಹರಕೆ, ಅವನು ಬರುವಂತಿಲ್ಲ. ಹಾಗಾಗಿ ಎಪ್ಪತ್ತೊಂದರ ವಯಸ್ಸಿನಲ್ಲಿ, ಮಾರ್ಚ್ ತಿಂಗಳಿಂದ, ಊರೆಲ್ಲ ಊಟ ಮಾಡಿ ಮಲಗುವ ಹೊತ್ತಿನಲ್ಲಿ, ಲೆಯಾರ್ಕೊ ಅವಳಿಗೆ ಕಾರು ಕಲಿಸಿದ್ದ. ಪರವಾನಗಿ ಇಲ್ಲ. ಮೂರು ವರ್ಷದಿಂದ ಅವಳ ಬಲಭುಜ ಹಿಡಿದುಕೊಂಡಿದೆ. ಚಕ್ರ ಹಿಡಿಯಬಲ್ಲಳು, ಆ ಕೈಯನ್ನು ಲಿವರಿಗೆ ತಂದು ಒತ್ತಲಾರಳು.

"ಹತ್ತು ದಿನ ಲಿವರ್‌ನಲ್ಲೇ ಕಲಿಸ್ತೀನಿ ಅಂತ ಹಟ ಹಿಡಿದ. ನಾನು ಅತ್ತುಬಿಟ್ಟೆ. ಆಮೇಲೆ ಒಂದಿನ ‘ಸರಿ, ಕಿವಿ ಹಿಡ್ಕೊ’ ಅಂದ." ಅವಳ ತುಟಿಯ ಮೂಲೆಯಲ್ಲಿ ನಗು ಬಂದು ಹೋಯಿತು. "ನಾನು ಸಲೀಸಾಗಿ ಓಡಿಸ್ದೆ. ಆಗ ಅವನು ಹೇಳಿದ್ದು ಕೇಳ್ತೀಯಾ? ‘ಎಜಿದಿಯೊ ಹೇಳಿದ್ದೇ ಸರಿ. ಅವನಿಗೆ ಮಾತ್ರ ಹೇಳ್ಬೇಡ’ ಅಂತ."

ಇಪ್ಪತ್ತು ವರ್ಷದ ಜಗಳವನ್ನು ನಾನು ಗೆದ್ದ ಸುದ್ದಿ ನನಗೆ ತಲುಪಿದ್ದು ಆ ಅಡುಗೆಮನೆಯಲ್ಲಿ. ಯಾರಿಗೆ ಹೇಳಿಕೊಳ್ಳಲಿ ಎಂದು ಒಂದು ಗಳಿಗೆ ಮನೆಯ ಕಡೆ ಮನಸ್ಸು ಹೋಯಿತು. ಅಲ್ಲಿ ಯಾರೂ ಇರಲಿಲ್ಲ.

ಹಬ್ಬದ ಸಂಜೆ ಲೆಯಾರ್ಕೊ ಇಸ್ಪೀಟಿಗೆ ಹೋಗಿದ್ದಾಗ, ಅಕ್ರೋಟು ಹೆಚ್ಚಿ ಮುಗಿಸಿದ ಹಸಿ ಕೈಯಲ್ಲೇ ಅವಳು ಒಬ್ಬಳೇ ಹೊರಟಳು. ಎರಡೂ ಕೈ ಚಕ್ರದ ಮೇಲೆ, ಮೂರು, ಎರಡು, ಮತ್ತೆ ಮೂರು. ಗುಡಿಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಒಳಗೆ ಬತ್ತಿ ಹಚ್ಚಿ, ಇಡೀ ಜಪಮಾಲೆ ಮುಗಿಸಿದಳು. ಹೊರಗೆ ಬಂದರೆ ಕಾರಿಲ್ಲ. ಕೆಳಗೆ ಎರಡನೆಯ ತಿರುವಿನಲ್ಲಿ ಅದು ಬೇಲಿಗೆ ಮೂತಿ ತೂರಿಸಿ ನಿಂತಿತ್ತು, ಹಳ್ಳದಲ್ಲಿ ಪ್ರಿಮೊ. ತನ್ನ ಶಾಲನ್ನು ಅವನ ತಲೆಯ ಕೆಳಗಿಟ್ಟು ಗಂಡನಿಗೆ ಫೋನ್ ಮಾಡಿದಳು. ಅವನು ಮೊಪೆಡ್ಡಿನಲ್ಲಿ ಬಂದ, ಆಂಬುಲೆನ್ಸಿಗೆ ಹೇಳಿದ, ಇವಳನ್ನು ಕಾಡಿನ ಕಾಲುದಾರಿಯಲ್ಲಿ ಮನೆಗೆ ಅಟ್ಟಿ, ತಾನು ಕಾರಿನೊಳಗೆ ಕೂತು ಪೊಲೀಸರನ್ನು ಕಾದ.

"ನಾನು ಗಾಡೀನ ಒಂದನೇ ಗೇರಲ್ಲೇ ಬಿಟ್ಟು ಇಳಿದುಬಿಟ್ಟೆ ಎಜಿದಿಯೊ. ನಮ್ಮಪ್ಪ ತಮ್ಮ ಗಾಡೀನ ಹಾಗೇ ನಿಲ್ಲಿಸ್ತಿದ್ರು. ಕಿವಿ ಎಳೆದು ಒಂದಕ್ಕೆ ತಂದಿದ್ದು, ಬಂದ್ ಮಾಡಿದ್ದು ನೆನಪಿದೆ. ಲಿವರ್ ಮುಟ್ಟಿದ್ದು ನೆನಪೇ ಇಲ್ಲ."

ನಮ್ಮ ಬೆಟ್ಟದ ಹಳಬರೆಲ್ಲ ಹ್ಯಾಂಡ್ ಬ್ರೇಕ್ ಮುಟ್ಟದೆ ಇಳಿಜಾರಿನಲ್ಲಿ ಗಾಡಿಯನ್ನು ಒಂದನೇ ಗೇರಿನಲ್ಲಿ ಬಿಡುತ್ತಾರೆ. ಎಂಜಿನ್ನು ಕಚ್ಚಿ ಹಿಡಿಯುತ್ತದೆ. ಆಟೋಮ್ಯಾಟಿಕ್ಕಿನಲ್ಲಿ ಹಾಗೆ ಹಿಡಿಯುವುದಿಲ್ಲ. ಎಂಜಿನ್ನು ನಿಂತರೆ ಚಕ್ರ ಸ್ವತಂತ್ರ. ಹ್ಯಾಂಡ್ ಬ್ರೇಕ್ ಹಾಕದಿದ್ದರೆ ಅದನ್ನು ಕಟ್ಟಿಹಾಕುವುದು ಪಿ ಎಂದು ಬರೆದ ಜಾಗ ಒಂದೇ, ಅದು ಇರುವುದು ಲಿವರಿನಲ್ಲಿ ಮಾತ್ರ. ಪ್ಯಾಡಲಿನ ಪರವಾಗಿ ಅಷ್ಟು ವರ್ಷ ವಾದಿಸಿದ ನಾನು, ಅದಕ್ಕೆ ಗಾಡಿಯನ್ನು ನಿಲ್ಲಿಸಿಡುವ ಶಕ್ತಿ ಇಲ್ಲವೆಂಬ ಮಾತನ್ನು ಒಂದು ದಿನವೂ ಆಡಿರಲಿಲ್ಲ.

ಅವಳು ಎದ್ದು ತಲೆಗೆ ವಸ್ತ್ರ ಕಟ್ಟಿಕೊಂಡಳು. ಠಾಣೆಗೆ ನಾನೇ ಬಂದು ಹೇಳುತ್ತೇನೆ, ಅವನು ಒಳಗೆ ಕೂತರೆ ನನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಎಂದಳು. ಬಾಗಿಲವರೆಗೆ ಹೋದವಳನ್ನು ನಾನು ಸುಮ್ಮನೆ ಒಂದು ಮಾತು ಕೇಳಿದೆ: ಗುಡಿಯೊಳಗೆ ಇದ್ದಾಗ ಕಾರಿನ ಕೀಲಿ ಎಲ್ಲಿತ್ತು?

"ಚೀಲದಲ್ಲಿ. ಮೇಣದಬತ್ತಿಗೆ ಕೈ ಹಾಕಿದ್ರೆ ಕೀಲಿ ಸಿಕ್ತು. ಆಮೇಲೆ ಲೆಯಾರ್ಕೊ ಬಂದಾಗ ಅವನ ಕೈಗೆ ಕೊಟ್ಟೆ."

ಇನ್ನೊಂದು ಸಲ ಹೇಳು ಎಂದೆ. ಅದೇ ಮಾತನ್ನು ಹೇಳಿದಳು. ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟೆ.

ಠಾಣೆಯ ಅಂಗಳದಲ್ಲಿ ಅವಳನ್ನು ಸ್ಟೀರಿಂಗಿನ ಮುಂದೆ ಕೂರಿಸಿದೆ. ನಿವೆಸ್ ಒಂದು ಪಕ್ಕ ನಿಂತಳು. ಹಿಂದಿನ ಕೋಣೆಯ ಕಿಟಕಿಯ ಸರಳುಗಳ ಹಿಂದೆ ಲೆಯಾರ್ಕೊನ ಮುಖ ಕಾಣಿಸಿತು; ಹೆಂಡತಿಯನ್ನು ಕಂಡು ಅದು ಬಣ್ಣಗೆಟ್ಟಿತು. ನಿನಗೆ ನೆನಪಿರುವ ಹಾಗೆಯೇ ಮಾಡು ಎಂದೆ. ಅವಳು ಎಂಜಿನ್ ಹಚ್ಚಿದಳು, ನಾನು ಲಿವರನ್ನು ಓಡುವ ಸ್ಥಾನಕ್ಕೆ ತಂದುಕೊಟ್ಟೆ, ಅವಳು ಎಡ ಪ್ಯಾಡಲ್ ಎಳೆದಳು. ಮುಂದಿನ ಪುಟ್ಟ ಗಾಜಿನಲ್ಲಿ ಒಂದು ಎಂಬ ಅಂಕಿ ಮೂಡಿತು. ಎಂಜಿನ್ ಬಂದ್ ಮಾಡಿದಳು.

"ಈಗ ಕೀಲಿ ತೆಗಿ."

ಬರಲಿಲ್ಲ. ಎರಡು ಕೈಯಿಂದ ಎಳೆದಳು. ನಿವೆಸ್ 'ಬಿಡಿ' ಎಂದು ತಾನೇ ಬಗ್ಗಿ ಎಳೆದಳು. ಕೀಲಿ ಅಲುಗಲಿಲ್ಲ.

ನಾನು ಲಿವರನ್ನು ಮುಂದಕ್ಕೆ ತಳ್ಳಿ ಪಿಗೆ ಕೂರಿಸಿದೆ. ಟಕ್ ಎಂದಿತು. ಕೀಲಿ ಮಾಗಿದ ಹಣ್ಣಿನ ಬೀಜದಂತೆ ಜಾರಿ ಅವಳ ಅಂಗೈಗೆ ಬಂತು.

"ಪಿಯಲ್ಲಿ ಇಲ್ದೆ ಇದ್ರೆ ಈ ಕಾರು ಕೀಲಿ ಬಿಡೋದಿಲ್ಲ, ಲೀನಾ. ಕೀಲಿ ನಿನ್ನ ಚೀಲದಲ್ಲಿತ್ತು ಅಂದ್ರೆ ಗಾಡೀನ ನೀನು ಸರಿಯಾಗೇ ಕಟ್ಟಿ ಹೋಗಿದ್ದೆ. ಅದು ತಾನಾಗಿ ಉರುಳಲಿಲ್ಲ."

ಅವಳು ನಂಬಲಿಲ್ಲ. ಕನ್ನಡಿಯನ್ನು ಈ ಸಲ ಲಿವರಿನ ಮುಂಭಾಗಕ್ಕೆ ಹಿಡಿದೆ. ಓಡಿಸುವವರ ಕಣ್ಣಿಗೆ ಬೀಳದ ಪಕ್ಕ ಅದು, ಬೆಳಿಗ್ಗೆ ನಾನೂ ನೋಡಿರಲಿಲ್ಲ. ಲಿವರ್ ಸರಿಸಲು ಒತ್ತಬೇಕಾದ ಅಲ್ಲಿನ ಗುಂಡಿಯ ಮೇಲೆ ಎರಡು ಕಪ್ಪು ಬೆರಳು, ಓರೆಯಾಗಿ. ಎಡಗೈಯವು. ಅವಳು ಅದನ್ನೇ ನೋಡುತ್ತ ಕೂತಳು. ಆಮೇಲೆ ಅವಳ ಎಡಗೈ ಚಕ್ರವನ್ನು ಬಿಟ್ಟು, ಮಡಿಲನ್ನು ದಾಟಿ, ಆ ಗುರುತುಗಳ ಮೇಲೆ ಸರಿಯಾಗಿ ಹೋಗಿ ಕೂತಿತು.

ಲೆಯಾರ್ಕೊ ಅವಳಿಗೆ ಹಾಗೆ ಕಲಿಸಿದ್ದನಂತೆ. ಬಲಗೈ ಬರದಿದ್ದರೆ ಎಡಗೈ ದಾಟಿಸು. ಅವಳು ಅದನ್ನು ಮಾಡುವವರೆಗೂ ಪಕ್ಕದಲ್ಲಿ ಬೆಲ್ಟ್ ಬಿಚ್ಚದೆ, ಮಾತಾಡದೆ ಕೂರುತ್ತಿದ್ದ. ಮಾಡಿದ ಮೇಲೆ ‘ಆಮೆನ್’ ಎನ್ನುತ್ತಿದ್ದ. ನೂರು ಸಲ ಮಾಡಿದ ಕೈ ನೂರೊಂದನೆಯ ಸಲ ಅವಳನ್ನು ಕೇಳದೆಯೇ ಮಾಡಿತ್ತು. ಅವಳು ಸದ್ದಿಲ್ಲದೆ ಅತ್ತಳು.

ಗೇರಿನ ನೂರು ಹಲ್ಲಿನಲ್ಲಿ ಒಂದು ಸವೆದರೂ ಕಿವಿಯಿಂದಲೇ ಕಂಡುಹಿಡಿಯುತ್ತಿದ್ದ ಲೆಯಾರ್ಕೊ, ಹೆಂಡತಿಯ ಕೈಯಿಂದ ಕೀಲಿ ತೆಗೆದುಕೊಳ್ಳುವಾಗ ಅದು ಕಾರಿನಿಂದ ಹೊರಗೆ ಬಂದದ್ದು ಹೇಗೆಂದು ಯೋಚಿಸಿರಲಿಲ್ಲ. ತಾನು ಒಳಗೆ ಕೂತಾಗ ಲಿವರ್ ಪಿಯಲ್ಲೇ ಇತ್ತು, ಈಗ ನೆನಪಾಗುತ್ತಿದೆ ಎಂದು ಕಿಟಕಿಯಿಂದ ಹೇಳಿದ.

"ನಾನು ಎಂಥಾ ಕತ್ತೆ, ಲೀನಾ."

"ಐವತ್ತು ವರ್ಷದಿಂದ ಗೊತ್ತು" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಟೈ ನೆಟ್ಟಗೆ ಮಾಡ್ಕೊ."

ನಿವೆಸ್ ನಗಲಿಲ್ಲ. ಕಟ್ಟಿದ ಕಾರನ್ನು ಯಾರೋ ಬಿಚ್ಚಿದ್ದಾರೆ, ಓಡಿಸಿದ್ದಾರೆ, ಪ್ರಿಮೊನನ್ನು ಗುದ್ದಿ, ಮತ್ತೆ ಪಿಗೆ ಹಾಕಿ, ಕೀಲಿ ತೆಗೆದುಕೊಂಡು ಹೋಗಿದ್ದಾರೆ ಎಂದಳು. ಲೀನಾಳ ಕೀಲಿ ಅವಳ ಚೀಲದಲ್ಲಿತ್ತು. ಹಾಗಾದರೆ ಎರಡನೆಯ ಕೀಲಿ ಎಲ್ಲಿ?

ಕಳೆದುಹೋಗಿದೆ ಎಂದ ಲೆಯಾರ್ಕೊ. ಕೇಳಿದ ಕೂಡಲೇ ಹೇಳಿದ, ನನ್ನ ಕಡೆ ನೋಡದೆ ಹೇಳಿದ.

ಬರೆದುಕೊಟ್ಟ ಕಾಗದ ಮೋದೆನಾಕ್ಕೆ ತಲುಪಿಯಾಗಿದೆ, ಕೀಲಿ ಯಾರ ಕೈಯಲ್ಲಿತ್ತು ಎಂದು ತೋರಿಸದೆ ಅದನ್ನು ಹಿಂದಕ್ಕೆ ತರಿಸಲು ತನ್ನಿಂದಾಗದು, ಹನ್ನೊಂದಕ್ಕೆ ಇವರನ್ನು ಕರೆದೊಯ್ಯಲೇಬೇಕು ಎಂದಳು ನಿವೆಸ್. ಆಗ ಹತ್ತು ಹೊಡೆದಿತ್ತು. ಎರ್ಮೆಲೀನಾ ಕಾರಿನಿಂದ ಇಳಿದು ನನ್ನ ತೋಳು ಹಿಡಿದಳು.

"ಅದು ತಿಲ್ದೆ ಹತ್ರ ಇತ್ತು, ಎಜಿದಿಯೊ. ನಾವು ಎಲ್ಲಾದ್ರೂ ಕಳೀತೀವಿ ಅಂತ ಅವಳೇ ಇಟ್ಕೊಂಡಿದ್ಲು."

ನನ್ನ ಮನೆ ಠಾಣೆಯಿಂದ ಇನ್ನೂರು ಹೆಜ್ಜೆ. ಮಲಗುವ ಕೋಣೆಯಲ್ಲಿ ತಿಲ್ದೆಯ ಹೊಲಿಗೆಯ ಪೆಟ್ಟಿಗೆ ಇರುವ ಡ್ರಾಯರು. ಮಣ್ಣು ಮಾಡಿ ಬಂದ ದಿನ ಅವಳ ಜಪಮಾಲೆಯನ್ನು ಎಲ್ಲದರ ಮೇಲೆ ಇಟ್ಟು ಮುಚ್ಚಿದವನು, ಅದನ್ನು ಮತ್ತೆ ತೆರೆಯುವ ಧೈರ್ಯ ಮಾಡಿರಲಿಲ್ಲ. ಈಗ ಎಳೆದೆ. ಲ್ಯಾವೆಂಡರ್ ಹೂವಿನ ವಾಸನೆ ಬಂತು. ದಾರದ ಉಂಡೆಗಳು, ಗುಂಡಿಗಳ ಡಬ್ಬಿ, ಅವಳ ಬೆರಳುಟೋಪಿ.

ಕೀಲಿ ಅಲ್ಲೇ ಇತ್ತು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಅವಳ ದುಂಡು ಅಕ್ಷರದಲ್ಲಿ ‘ಲೀನಾ’ ಎಂದಿತ್ತು.

ದೇವರಿಗೆ ಸ್ತೋತ್ರ ಎಂದುಕೊಂಡೆ. ಕೀಲಿ ಮನೆ ಬಿಟ್ಟು ಹೋಗಿಲ್ಲ. ಇನ್ಯಾವುದೋ ದಾರಿ ಹುಡುಕಬೇಕು ಎಂದುಕೊಳ್ಳುತ್ತ ಅದನ್ನು ಎತ್ತಿದೆ. ಅದರ ಅಡಿಯಲ್ಲಿ ಜಪಮಾಲೆ ಇತ್ತು.

ನಾನು ನಿಂತಲ್ಲೇ ನಿಂತೆ. ಎಲ್ಲದರ ಮೇಲೆ ನಾನೇ ಇಟ್ಟ ಜಪಮಾಲೆ ಕೀಲಿಯ ಅಡಿಗೆ ಹೇಗೆ ಹೋಯಿತು? ಯಾರೋ ಅದನ್ನು ತೆಗೆದಿದ್ದಾರೆ, ತಂದು ವಾಪಸ್ಸು ಇಟ್ಟಿದ್ದಾರೆ. ಹಬ್ಬದ ಸಂಜೆ ನಾನು ಇಗರ್ಜಿಯಲ್ಲಿದ್ದೆ. ಈ ಮನೆಯ ಬೀಗ ತೆಗೆಯಬಲ್ಲವರು ಇಬ್ಬರು. ಒಬ್ಬ ನಾನು. ಇನ್ನೊಬ್ಬ ಮೋದೆನಾದಲ್ಲಿರುವ ನನ್ನ ಮಗ ಕೊರ್ರಾದೊ. ಈಸ್ಟರ್ ಆದ ಮೇಲೆ ಊರ ಕಡೆ ಬರಲು ಆಗಿಯೇ ಇಲ್ಲ, ಹಬ್ಬಕ್ಕೂ ಬರಲಾಗಲಿಲ್ಲ ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದ.

ಹಿಂದೆ ನೆಲದ ಹಲಗೆ ಸದ್ದು ಮಾಡಿತು. ನಿವೆಸ್ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಕೀಲಿಯನ್ನು ನೋಡಿದಳು, ನನ್ನ ಮುಖ ನೋಡಿದಳು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ಮಾಸ್ತ್ರೊ, ನೀವಿಲ್ಲದಾಗ ಈ ಮನೆಗೆ ಯಾರು ಬರ್ತಾರೆ?"

ಹೆಸರು ಹೇಳಿದರೆ ಲೆಯಾರ್ಕೊ ಹನ್ನೊಂದಕ್ಕೆ ಹೆಂಡತಿಯ ಕೈ ಹಿಡಿದು ಮನೆಗೆ ಹೋಗುತ್ತಾನೆ. ಹೇಳದಿದ್ದರೆ ಕೊರ್ರಾದೊ ಇವತ್ತು ಸಂಜೆಯೂ ಎಂದಿನಂತೆ ಫೋನ್ ಮಾಡಿ, ಊಟ ಆಯ್ತಾ ಅಪ್ಪ ಎಂದು ಕೇಳುತ್ತಾನೆ.